ಎಂ.ಟೆಕ್ ಸ್ಟ್ರಕ್ಚರ್ಸ್ ಥೀಸಿಸ್: ತುಕ್ಕು ಹಿಡಿದ ಬೀಮ್ ಲ್ಯಾಬ್‌ನಲ್ಲಿ ಮಾಡೋದಾ, ಈಟ್ಯಾಬ್ಸ್‌ನಲ್ಲಿ ಮುಗಿಸೋದಾ?

ಚೆಂಬೂರು ವಿದ್ಯಾರ್ಥಿನಿ
ಎಲ್ಲರಿಗೂ ನಮಸ್ಕಾರ. ಮುಂಬೈನಲ್ಲಿ ಎಂ.ಟೆಕ್ ಸ್ಟ್ರಕ್ಚರಲ್, ಎರಡನೇ ವರ್ಷ ಜುಲೈನಲ್ಲಿ ಶುರು. ಮೇ ಒಳಗೆ ಥೀಸಿಸ್ ಕೊಡಬೇಕು. ಗೈಡ್ ಎರಡು ವಿಷಯ ಕೊಟ್ಟಿದ್ದಾರೆ.

ಒಂದು: ಹತ್ತು ಮಹಡಿ ಕಟ್ಟಡಕ್ಕೆ ಈಟ್ಯಾಬ್ಸ್ ಅನ್ನೋ ಕಟ್ಟಡ ವಿಶ್ಲೇಷಣೆ ಸಾಫ್ಟ್‌ವೇರ್‌ನಲ್ಲಿ ಪುಶ್‌ಓವರ್, ಅಂದರೆ ಕಟ್ಟಡವನ್ನು ಪಕ್ಕಕ್ಕೆ ತಳ್ಳುತ್ತಾ ಹೋಗಿ ಎಲ್ಲಿ ಸೋಲುತ್ತೆ ಅಂತ ನೋಡೋ ಲೆಕ್ಕ. ಎರಡು: ತುಕ್ಕು ಹಿಡಿದ ಆರ್‌ಸಿಸಿ ಬೀಮ್‌ನ ಬಲ ಎಷ್ಟು ಇಳಿಯುತ್ತೆ ಅಂತ ಲ್ಯಾಬ್‌ನಲ್ಲಿ ನೋಡೋದು. 12 ಬೀಮ್, 150 × 200 ಮಿ.ಮೀ., ಉದ್ದ 1500. ಕೆಳಗೆ 12 ಮಿ.ಮೀ. ಕಂಬಿ ಎರಡು. ತುಕ್ಕು (ಕಂಬಿಯ ತೂಕದಲ್ಲಿ ಹೋಗುವ ಪಾಲು) 0, 5, 10, 15 ಶೇಕಡ, ಒಂದೊಂದಕ್ಕೂ ಮೂರು ಬೀಮ್.

ಎರಡನೆಯದೇ ಇಷ್ಟ. ಆದರೆ ಲ್ಯಾಬ್ ಹಿಡಿದರೆ ಟೈಮಿಗೆ ಮುಗಿಯಲ್ಲ ಅಂತ ಎಲ್ಲರೂ ಹೆದರಿಸ್ತಿದ್ದಾರೆ. ನಿಜವಾಗಿ ಎಷ್ಟು ದಿನ ಬೇಕು? ಎಲ್ಲೆಲ್ಲಿ ಕೈಕೊಡುತ್ತೆ?

ಪುಣೇಕರ ಧಾರವಾಡ
ಎರಡನೇದ್ದೇ ಹಿಡೀರಿ. ಜಿ ಪ್ಲಸ್ 10 (ನೆಲಮಹಡಿ, ಮ್ಯಾಲೆ ಹತ್ತು) ಪುಶ್‌ಓವರ್ ಪ್ರತಿ ಕಾಲೇಜಿನ ಲೈಬ್ರರ್‍ಯಾಗೂ ಸಾಲಾಗಿ ನಿಂತಾವ. ಕಟ್ಟಡದ ಎತ್ತರ ಬದಲಿ, ಝೋನ್ ಬದಲಿ, ಗ್ರಾಫ್ ಅದ. ಪ್ರಶ್ನೆನ ಇಲ್ಲದ ಉತ್ತರ ಅದು.

ಪವಯಿ ಸರೋವರ
ಒಪ್ಪಲ್ಲ. ಸಾಫ್ಟ್‌ವೇರ್ ಅಂದರೆ ಕಳಪೆ, ಲ್ಯಾಬ್ ಅಂದರೆ ಶ್ರೇಷ್ಠ ಅನ್ನೋದು ತಪ್ಪು ಲೆಕ್ಕ. ಪುಶ್‌ಓವರ್ ಕೆಡೋದು ಮಾಡುವವರು ಡೀಫಾಲ್ಟ್ ಹಿಂಜ್ (ಬೀಮ್, ಕಾಲಮ್ ಬಾಗಿ ಸೋಲುವ ಜಾಗದ ಸಿದ್ಧ ಮಾದರಿ) ಒತ್ತಿ ರನ್ ಕೊಡೋದರಿಂದ. ಆ ಹಿಂಜ್‌ಗೆ ಕೊಟ್ಟ ರಿಂಗ್ (ಉದ್ದ ಕಂಬಿಗಳ ಸುತ್ತ ಕಟ್ಟುವ ಕಂಬಿ) ಅಂತರ ನಿಮ್ಮ ಕಟ್ಟಡದಲ್ಲಿ ಇದೆಯಾ ಅಂತ ಯಾರೂ ನೋಡಲ್ಲ. ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿ ಬಿರುಕುಬಿಟ್ಟ ಸೆಕ್ಷನ್ ತಗೊಳ್ಳಿ ಅಂತ ಸ್ಪಷ್ಟವಾಗಿ ಹೇಳುತ್ತೆ: ಆರ್‌ಸಿಸಿ ಕಾಲಮ್‌ಗೆ ಒಟ್ಟು ಜಡತ್ವದ (ಬಾಗುವಿಕೆ ತಡೆಯುವ ಗುಣ) 0.70, ಬೀಮ್‌ಗೆ 0.35. ಅದನ್ನು ಹಾಕದೆ ಪೀರಿಯಡ್ (ಕಟ್ಟಡ ಒಮ್ಮೆ ತೂಗಾಡುವ ಕಾಲ) ಲೆಕ್ಕ ಹಾಕಿದ ಥೀಸಿಸ್ ಎಷ್ಟೋ ಇವೆ. ಇಟ್ಟಿಗೆ ಗೋಡೆಯ ಬದಲು ಲೆಕ್ಕದಲ್ಲಿ ಇಡುವ ಓರೆ ಸ್ಟ್ರಟ್ ಅಗಲಕ್ಕೂ ಅದರಲ್ಲೇ ಸೂತ್ರ ಇದೆ. ಅದನ್ನೂ ಬಿಟ್ಟುಬಿಡ್ತಾರೆ, ಕೆಳಮಹಡಿ ಪಾರ್ಕಿಂಗ್ ಇರೋ ಮುಂಬೈ ಕಟ್ಟಡದಲ್ಲಿ ಅದೇ ಮುಖ್ಯ.

ಪುಣೇಕರ ಧಾರವಾಡ
ಸರ, ನೀವು ಹೇಳೂದೂ ಅದ, ನಾ ಹೇಳೂದೂ ಅದ. ಪ್ರಶ್ನೆ ಇದ್ರ ಮಾಡ್ಲಿ. ಇವರಿಗೆ ಪ್ರಶ್ನೆ ಇರೂದು ತುಕ್ಕಿನೊಳಗ.

ಕುರ್ಲಾ ಕುಂದಾಪುರ
ದಿನದ ಲೆಕ್ಕ ಕೇಳಿದ್ರಲ್ಲ, ಅದಕ್ಕೆ ಬನ್ನಿ. ಕಂಬಿಗೆ ಡಿಸಿ ಕರೆಂಟ್ ಕೊಟ್ಟು ತುಕ್ಕು ಹಿಡಿಸುವುದು. ಚದರ ಸೆಂ.ಮೀ.ಗೆ 1 ಮಿಲಿ ಆಂಪಿಯರ್ ಕೊಟ್ರೆ ಒಂದು ವಾರದಲ್ಲಿ 10 ಶೇಕಡ ಆಗ್ತದೆ. ಹೆದರುವಂಥದ್ದು ಏನಿಲ್ಲ ಮಾರಾಯ್ರೆ.

ಠಾಣೆ ಕ್ರೀಕ್
ವಾರ ಅಲ್ಲ, ಒಂಬತ್ತೂವರೆ ದಿನ. ಅದಕ್ಕಿಂತ ದೊಡ್ಡ ವಿಷಯ, ಅಷ್ಟು ಕರೆಂಟ್ ಕೊಡಲೇಬಾರದು.

ಫ್ಯಾರಡೆ ನಿಯಮದಿಂದ ಲೆಕ್ಕ ಹಾಕಿ ತೋರಿಸ್ತೀನಿ. 12 ಮಿ.ಮೀ. ಕಂಬಿ ಮೀಟರಿಗೆ 0.888 ಕೆ.ಜಿ. ಅದರ 10 ಶೇಕಡ ಅಂದರೆ 88.8 ಗ್ರಾಂ ಹೋಗಬೇಕು. ಒಂದು ಮೀಟರ್ ಕಂಬಿಯ ಮೈ 377 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 200 ಮೈಕ್ರೋ ಆಂಪಿಯರ್ ಕೊಟ್ಟರೆ ಮೀಟರಿಗೆ 75.4 ಮಿಲಿ ಆಂಪಿಯರ್. ಕಬ್ಬಿಣದ ಪರಮಾಣು ತೂಕ 55.85, ವೇಲೆನ್ಸಿ 2, ಫ್ಯಾರಡೆ ಸ್ಥಿರಾಂಕ 96487. ಸಮಯ = 88.8 × 2 × 96487 ÷ (55.85 × 0.0754) = ಸುಮಾರು 40.7 ಲಕ್ಷ ಸೆಕೆಂಡ್, ಅಂದರೆ 47 ದಿನ.

ಹಾಗಾಗಿ 5 ಶೇಕಡಕ್ಕೆ 24 ದಿನ, 10ಕ್ಕೆ 47, 15ಕ್ಕೆ 71. ಕಂಬಿ ಎಷ್ಟು ಉದ್ದ ಅನ್ನೋದು ಲೆಕ್ಕಕ್ಕಿಲ್ಲ, ಮೈಗೆ ತಕ್ಕ ಕರೆಂಟ್ ಕೊಟ್ಟರೆ ದಿನ ಅಷ್ಟೇ. ದಪ್ಪ ಬದಲಾದರೆ ದಿನ ಬದಲಾಗುತ್ತೆ: 16 ಮಿ.ಮೀ. ಆದರೆ 10 ಶೇಕಡಕ್ಕೆ 63 ದಿನ.

ಕುರ್ಲಾ ಕುಂದಾಪುರ
ಒಂಬತ್ತೂವರೆ ಸರಿ, ಒಪ್ಪಿದೆ. ಆದ್ರೆ 1 ಮಿಲಿ ಕೊಟ್ರೆ ತಪ್ಪೇನು? ಪೇಪರ್‌ಗಳಲ್ಲಿ ಅಷ್ಟು ಕೊಟ್ಟವರು ಉಂಟಲ್ಲ.

ಠಾಣೆ ಕ್ರೀಕ್
ಇದ್ದಾರೆ, ಅದಕ್ಕೇ ಅವರ ಬಿರುಕಿನ ಅಗಲ ಬೇರೆಯವರದಕ್ಕೆ ಹೊಂದಲ್ಲ. ನಿಜವಾದ ಕಟ್ಟಡದಲ್ಲಿ ಚದರ ಸೆಂ.ಮೀ.ಗೆ 1 ಮೈಕ್ರೋ ಆಂಪಿಯರ್ ಅಂದರೇ ಜೋರು ತುಕ್ಕು, ವರ್ಷಕ್ಕೆ 11.6 ಮೈಕ್ರಾನ್ ಕಬ್ಬಿಣ ಹೋಗುತ್ತೆ. ನಾವು 200 ಕೊಟ್ಟಾಗಲೇ ಇನ್ನೂರು ಪಟ್ಟು. ಸಾವಿರ ಕೊಟ್ಟರೆ ಬಿರುಕು ಬೇಗ ಅಗಲ ಆಗುತ್ತೆ, ಕಂಬಿಗೂ ಕಾಂಕ್ರೀಟಿಗೂ ಇರೋ ಹಿಡಿತ ಅತಿಯಾಗಿ ಸಡಿಲ ಆಗುತ್ತೆ. ಆಮೇಲೆ ಬೀಮ್ ಬಲ ಇಳಿದದ್ದು ತುಕ್ಕಿನಿಂದಲೋ ಕರೆಂಟಿನಿಂದಲೋ ಅಂತ ಪರೀಕ್ಷಕರು ಕೇಳಿದರೆ ಉತ್ತರ ಇರಲ್ಲ. 200 ದಾಟಬೇಡಿ.

ಚೆಂಬೂರು ವಿದ್ಯಾರ್ಥಿನಿ
ತುಂಬಾ ಥ್ಯಾಂಕ್ಸ್. ಹಾಗಾದರೆ 28 ದಿನ ಕ್ಯೂರಿಂಗ್, ಆಮೇಲೆ 0 ಶೇಕಡದ ಮೂರು ಬೀಮ್ ಒಡೆದುಬಿಟ್ಟು, ಉಳಿದದ್ದಕ್ಕೆ ಕರೆಂಟ್ ಕೊಡೋದಾ?

ಪವಯಿ ಸರೋವರ
ಬೇಡ! ಇಲ್ಲೇ ಎಲ್ಲರೂ ಬೀಳೋದು. ಕಂಟ್ರೋಲ್ ಬೀಮ್ (ತುಕ್ಕಿಲ್ಲದ 0 ಶೇಕಡದ್ದು) 28ನೇ ದಿನ, 15 ಶೇಕಡದ್ದು 99ನೇ ದಿನ ಒಡೆದರೆ ಎರಡರ ಕಾಂಕ್ರೀಟ್ ಬಲವೇ ಬೇರೆ. ಫ್ಲೈ ಆಶ್ ಇರೋ ಪಿಪಿಸಿ ಸಿಮೆಂಟ್ ಆದರಂತೂ ವ್ಯತ್ಯಾಸ ಇನ್ನೂ ಹೆಚ್ಚು.

ಎಲ್ಲವೂ ಒಂದೇ ವಯಸ್ಸಿಗೆ ಮುಗಿಯೋ ಹಾಗೆ ಕರೆಂಟನ್ನು ಹಿಂದುಮುಂದಾಗಿ ಶುರು ಮಾಡಿ. 15 ಶೇಕಡದ್ದು 28ನೇ ದಿನ, 10ರದ್ದು 52ನೇ ದಿನ, 5ರದ್ದು 75ನೇ ದಿನ. ಎಲ್ಲವೂ 99ನೇ ದಿನ ನಿಲ್ಲುತ್ತೆ. 0 ಶೇಕಡದ ಬೀಮ್‌ಗಳೂ ಅಲ್ಲಿವರೆಗೆ ಅದೇ ತೇವದಲ್ಲಿ ಕೂತಿರಬೇಕು. ಕಾಂಕ್ರೀಟ್ ಬಲ ನೋಡೋ ಕ್ಯೂಬ್‌ಗಳಲ್ಲಿ ಮೂರು 28ನೇ ದಿನಕ್ಕೆ, ಮೂರು ಬೀಮ್ ಒಡೆಯುವ ದಿನಕ್ಕೆ ಇಡಿ.

ಆಗಸ್ಟ್ 15ಕ್ಕೆ ಕಾಸ್ಟಿಂಗ್ ಆದರೆ 99ನೇ ದಿನ ನವೆಂಬರ್ 22. ಡಿಸೆಂಬರ್‌ನಲ್ಲಿ ಟೆಸ್ಟ್. ಜನವರಿಯಿಂದ ಬರೆಯೋದಕ್ಕೆ ಕಾಲ ಧಾರಾಳ ಇದೆ. ಲ್ಯಾಬ್ ಮುಗಿಯಲ್ಲ ಅನ್ನೋದು ಅಕ್ಟೋಬರ್‌ನಲ್ಲಿ ಕಾಸ್ಟಿಂಗ್ ಮಾಡೋರ ಮಾತು.

ಮುಲುಂಡ್ ಮಂಡ್ಯ
ಆಗಸ್ಟ್ ಅಂದ್ರೆ ಮುಂಬೈ ಮಳೆ. ಮರಳು ನೆಂದಿರ್ತದೆ. ಬೆಳಿಗ್ಗೆ ಮಿಕ್ಸ್‌ಗೆ ಮುಂಚೆ ಒಂದಿಷ್ಟು ಮರಳು ತೂಕ ಮಾಡಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ. ಎಷ್ಟು ಇಳೀತೋ ಅಷ್ಟು ನೀರು ಅದರಲ್ಲಿತ್ತು. ಆ ನೀರಲ್ಲಿ ಮರಳು ಹೀರುವ ಪಾಲು ಬಿಟ್ಟು ಉಳಿದದ್ದನ್ನ ಮಿಕ್ಸಿನ ನೀರಲ್ಲಿ ಕಳೀರಿ. ಇಲ್ದಿದ್ರೆ ನೀರು–ಸಿಮೆಂಟ್ ಅನುಪಾತ 0.45 ಅಂತ ಬರ್ದು 0.52 ಹಾಕಿರ್ತೀರಿ.

ಪುಣೇಕರ ಧಾರವಾಡ
ಖಡಿ, ಉಸುಕು, ಸಿಮೆಂಟಿನ ಲೆಕ್ಕನೂ ಮೊದಲ ಮಾಡ್ಕೊಳ್ರಿ. ಒಂದು ಬೀಮ್ 0.045 ಘನ ಮೀಟರ್, 12ಕ್ಕ 0.54. ಕ್ಯೂಬು, ಚೆಲ್ಲಿದ್ದು ಸೇರಿಸಿ 0.6 ಹಿಡೀರಿ. ಘನ ಮೀಟರಿಗೆ 400 ಕೆ.ಜಿ. ಸಿಮೆಂಟ್ ಅಂದ್ರ 240 ಕೆ.ಜಿ., ಐದು ಚೀಲ. ಐದೂ ಒಂದ ವಾರದ ಚೀಲ ಇರಬೇಕು.

ಲ್ಯಾಬಿನ ಮಿಕ್ಸರ್ 40 ಲೀಟರಿಂದು ಇದ್ರ 15 ಸಲ ಕಲಸಬೇಕು, ಒಂದ ಬೀಮ್ ಸೈತ ಒಂದ ಸಲಕ್ಕ ತುಂಬೂದಿಲ್ಲ. ಅದಕ್ಕ ಮೊದಲಿನ ಮೂರು ಬೀಮ್ 0 ಶೇಕಡಕ್ಕ, ಆಮ್ಯಾಲಿನ ಮೂರು 5ಕ್ಕ ಅಂತ ಹಂಚಬ್ಯಾಡ್ರಿ. ಎಲ್ಲಾ ಕಲಸಿನೊಳಗಿಂದೂ ಎಲ್ಲಾ ಗುಂಪಿಗೂ ಬರೂ ಹಂಗ ಚೀಟಿ ಎತ್ರಿ. ಬೀಮ್ ಒಂದೊಂದು 112 ಕೆ.ಜಿ. ಆಗ್ತದ, ಎತ್ತಲಿಕ್ಕೆ ನಾಕು ಮಂದಿ ಬೇಕು. ಎತ್ತೂ ಮುಂದ ನಡು ಹಿಡಿದು ಎತ್ತಬ್ಯಾಡ್ರಿ, ಮ್ಯಾಲಿನ ಮೈಗೆ ಬಿರುಕು ಬೀಳ್ತದ.

ಫೋಂಡಾ ಕಾರವಾರ
ಕೆಲವರು ಬೇಗ ತುಕ್ಕು ಹಿಡಿಯಲಿ ಅಂತ ಮಿಕ್ಸಿಂಗ್ ನೀರಿಗೇ ಉಪ್ಪು ಹಾಕ್ತಾರೆ. ಹಾಕಬೇಡಿ. ಕ್ಲೋರೈಡ್ ಸಿಮೆಂಟ್ ಗಟ್ಟಿಯಾಗೋ ವೇಗವನ್ನೇ ಬದಲಿಸ್ತದೆ, ಉಪ್ಪಿಲ್ಲದ ಕಂಟ್ರೋಲ್ ಬೀಮ್ ಜೊತೆ ಹೋಲಿಸೋಕೆ ಬರೋದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಆರ್‌ಸಿಸಿಗೆ ಘನ ಮೀಟರಿಗೆ 0.6 ಕೆ.ಜಿ. ಕ್ಲೋರೈಡ್ ದಾಟಬಾರದು ಅನ್ನುತ್ತೆ. ಅದರ ಹಲವು ಪಟ್ಟು ಹಾಕಿದ ಬೀಮ್ ಯಾವ ಕಟ್ಟಡವನ್ನೂ ಹೋಲೋದಿಲ್ಲ. 3.5 ಶೇಕಡ ಉಪ್ಪು ನೀರಲ್ಲಿ ಕೆಲವು ದಿನ ನೆನೆಸಿ ಆಮೇಲೆ ಕರೆಂಟ್ ಕೊಡಿ.

ಘಾಟ್ಕೋಪರ್ ಪೂರ್ವ
ಕರೆಂಟ್ ಜೋಡಣೆ ಬಗ್ಗೆ ಯಾರೂ ಹೇಳಲಿಲ್ಲ, ಕೆಡೋದು ಅಲ್ಲೇ.

ಕಂಬಿ ಪಾಸಿಟಿವ್‌ಗೆ, ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ನೆಗೆಟಿವ್‌ಗೆ. ತಿರುಗುಮುರುಗಾದರೆ ನೀವು ಕಂಬಿಗೆ ಕ್ಯಾಥೋಡಿಕ್ ಪ್ರೊಟೆಕ್ಷನ್ ಕೊಡ್ತಿರ್ತೀರಿ, ಎರಡು ತಿಂಗಳಾದರೂ ಒಂದು ಚುಕ್ಕೆ ತುಕ್ಕು ಬರಲ್ಲ.

ಪವರ್ ಸಪ್ಲೈ ಕಾನ್‌ಸ್ಟಂಟ್ ಕರೆಂಟ್ ಮೋಡ್‌ನಲ್ಲಿರಬೇಕು. ಕಾಂಕ್ರೀಟಿನ ರೋಧ ಏರಿದಾಗ ವೋಲ್ಟೇಜ್ ಮಿತಿ ಮುಟ್ಟಿ ಅದು ತಾನಾಗಿ ಕಾನ್‌ಸ್ಟಂಟ್ ವೋಲ್ಟೇಜ್‌ಗೆ ಹಾರುತ್ತೆ. ದೀಪದ ಬಣ್ಣ ಬದಲಾದದ್ದನ್ನು ಯಾರೂ ನೋಡದಿದ್ದರೆ ಆಮೇಲಿನ ದಿನಗಳ ಲೆಕ್ಕ ಸುಳ್ಳು.

ಒಂದೇ ಗುಂಪಿನ ಮೂರು ಬೀಮ್ ಸೀರೀಸ್‌ನಲ್ಲಿ ಜೋಡಿಸಿ, ಮೂರಕ್ಕೂ ಒಂದೇ ಕರೆಂಟ್ ಹರಿಯುತ್ತೆ. ಆದರೆ ಮೂರು ಬೇರೆ ಬೇರೆ ತೊಟ್ಟಿ ಬೇಕು! ಒಂದೇ ತೊಟ್ಟಿಯಲ್ಲಿಟ್ಟರೆ ಉಪ್ಪು ನೀರೇ ಎಲ್ಲವನ್ನೂ ಒಳಗೊಳಗೆ ಕೂಡಿಸಿಬಿಡುತ್ತೆ, ಸೀರೀಸ್ ಅನ್ನೋದು ಹೆಸರಿಗಷ್ಟೇ ಉಳಿಯುತ್ತೆ.

ಇನ್ನೊಂದು. ಒಂದು ಬೀಮಿನ ಎರಡು ಕಂಬಿ ಪ್ಯಾರಲಲ್ ಆಗಿರೋದರಿಂದ ಕರೆಂಟ್ ಸಮ ಹಂಚಿಕೆ ಆಗಲ್ಲ. ಪ್ರತಿ ಕಂಬಿಯ ತಂತಿಗೂ 1 ಓಮ್ ರೆಸಿಸ್ಟರ್ ಹಾಕಿ. ಅದರ ಎರಡು ತುದಿಗೆ ಮಲ್ಟಿಮೀಟರ್ ಮುಟ್ಟಿಸಿದಾಗ 75 ಮಿಲಿವೋಲ್ಟ್ ಬಂದರೆ 75 ಮಿಲಿ ಆಂಪಿಯರ್ ಹೋಗ್ತಿದೆ ಅಂತ. ದಿನಕ್ಕೆ ಎರಡು ಸಲ ಬರೆದಿಡಿ, ಕರೆಂಟ್ ಹೋದ ಗಂಟೆಗಳನ್ನೂ ಬರೆದಿಡಿ.

ಕುರ್ಲಾ ಕುಂದಾಪುರ
ಇದು ಒಳ್ಳೆ ಮಾಹಿತಿ. ರಿಂಗಿನದ್ದೂ ಹೇಳಿ. ರಿಂಗ್ ಕಂಬಿಗೆ ತಾಗಿಕೊಂಡೇ ಇರ್ತದಲ್ಲ, ಅದಕ್ಕೂ ಕರೆಂಟ್ ಹೋಗ್ತದೆ.

ಘಾಟ್ಕೋಪರ್ ಪೂರ್ವ
ಹೌದು. ಬರೀ ಕಂಬಿಯ ತುಕ್ಕು ನೋಡಬೇಕು ಅಂದರೆ ರಿಂಗ್ ಮುಟ್ಟುವ ಜಾಗಕ್ಕೆ ಎಪಾಕ್ಸಿ ಹಚ್ಚಿ, ಟೇಪ್ ಸುತ್ತಿ, ಬೈಂಡಿಂಗ್ ವೈರ್ ಬದಲು ನೈಲಾನ್ ಟೈ ಹಾಕಿ. ಕಾಸ್ಟಿಂಗ್‌ಗೆ ಮುಂಚೆ ಮಲ್ಟಿಮೀಟರ್‌ನಲ್ಲಿ ಕಂಬಿಗೂ ರಿಂಗಿಗೂ ಕಂಟಿನ್ಯುಟಿ ನೋಡಿ, ಬೀಪ್ ಬರಬಾರದು. ಕಂಬಿ ಕಾಂಕ್ರೀಟಿನಿಂದ ಹೊರಬರುವ ಜಾಗವನ್ನೂ ಎಪಾಕ್ಸಿಯಿಂದ ಮುಚ್ಚಿ. ಇಲ್ಲದಿದ್ದರೆ ಅಲ್ಲೇ ಕುತ್ತಿಗೆ ಕೊಯ್ದ ಹಾಗೆ ಸವೆದು ತಂತಿಯೇ ಕಳಚಿ ಬರುತ್ತೆ. ಮೊಸಳೆ ಕ್ಲಿಪ್ ಬೇಡ, ತಂತಿ ಬೆಸುಗೆ ಹಾಕಿ.

ಪುಣೇಕರ ಧಾರವಾಡ
ಸ್ಟ್ರೇನ್ ಗೇಜ್ (ಕಂಬಿ ಎಷ್ಟು ಹಿಗ್ಗತದ ಅಂತ ಅಳಿಯೂ ಪಟ್ಟಿ) ಹಾಕ್ತೀರೇನು? ಹಾಕೂದಿದ್ರ ತುಕ್ಕಿನ ಬೀಮಿನ ಕಂಬಿ ಮ್ಯಾಲೆ ಬ್ಯಾಡ, ಉಳಿಯೂದಿಲ್ಲ. ಕಂಟ್ರೋಲಿಗೆ ಹಾಕ್ರಿ. ಕಂಬಿಯ ಏಣು ಎಷ್ಟು ಬೇಕೋ ಅಷ್ಟ ಒರೆಸ್ರಿ, ಎಮೆರಿ ಕಾಗದ, ಅಸಿಟೋನ್, ಅಂಟು. ಒಣಗಿದ ಮ್ಯಾಲೆ 120 ಓಮ್ ಬರ್ತದೋ ನೋಡ್ರಿ, ಗೇಜಿಗೂ ಕಂಬಿಗೂ ನಡುವಿನ ರೋಧ 100 ಮೆಗಾ ಓಮ್‌ಗಿಂತ ಮ್ಯಾಲಿರಬೇಕು. ಕಾಸ್ಟಿಂಗ್ ಆದ ಮರುದಿನ ಮತ್ತ ನೋಡ್ರಿ. ಗೇಜ್ ಸಾಯೂದು ನೀಡಲ್ ವೈಬ್ರೇಟರ್ ತಾಗಿ, ಅದಕ್ಕ ಎಲ್ಲೆಲ್ಲಿ ಗೇಜ್ ಅದ ಅಂತ ಮೋಲ್ಡ್ ಮ್ಯಾಲೆ ಸೀಮೆಸುಣ್ಣದಾಗ ಗುರುತು ಹಾಕ್ರಿ.

ಪವಯಿ ಸರೋವರ
ಲೋಡ್ ಸೆಲ್ (ಹಾಕಿದ ಭಾರ ಅಳೆಯುವ ಸಾಧನ) ವಿಚಾರ. ನಿಮ್ಮ ಬೀಮ್‌ಗೆ 1350 ಸ್ಪ್ಯಾನ್, ಮೂರನೇ ಒಂದು ಭಾಗದಲ್ಲಿ ಎರಡು ಪಾಯಿಂಟ್ ಲೋಡ್ ಅಂತಿಟ್ಟುಕೊಳ್ಳಿ. 226 ಚದರ ಮಿ.ಮೀ. ಉಕ್ಕು, ನಿಜವಾದ ಯೀಲ್ಡ್ (ಉಕ್ಕು ಹಿಗ್ಗಿ ಸೋಲುವ ಮಟ್ಟ) ಚದರ ಮಿ.ಮೀ.ಗೆ 550 ನ್ಯೂಟನ್ ಅಂದರೆ 124 ಕಿಲೋನ್ಯೂಟನ್ ಎಳೆತ. ಲಿವರ್ ಆರ್ಮ್ (ಮೇಲಿನ ಕಾಂಕ್ರೀಟಿನ ಒತ್ತಡಕ್ಕೂ ಕಂಬಿಯ ಎಳೆತಕ್ಕೂ ನಡುವಿನ ದೂರ) ಸುಮಾರು 145 ಮಿ.ಮೀ. ಮೊಮೆಂಟ್ 18 ಕಿಲೋನ್ಯೂಟನ್ ಮೀಟರ್, ಒಟ್ಟು ಲೋಡ್ 80 ಕಿಲೋನ್ಯೂಟನ್ ಆಸುಪಾಸು. ಲ್ಯಾಬ್‌ನಲ್ಲಿ 500ರ ಸೆಲ್ ಇದೆ ಅಂತ ಅದನ್ನೇ ಹಾಕಬೇಡಿ, 100ರದ್ದು ಕೇಳಿ. 5 ಶೇಕಡ ತುಕ್ಕಿನಿಂದ ಇಳಿಯುವ ಬಲ ಕೆಲವೇ ಕಿಲೋನ್ಯೂಟನ್, ಅದು ಕಾಣಬೇಕು.

ಮುಲುಂಡ್ ಮಂಡ್ಯ
ಲ್ಯಾಬ್ ಬೀಮ್ ಎಲ್ಲ ಸರಿ, ಊರ ತುಂಬ ನಿಜವಾಗಿ ತುಕ್ಕು ಹಿಡ್ದಿರೋ ಕಟ್ಟಡಗಳೇ ಇವೆಯಲ್ಲ. ಮುಂಬೈನಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಹಾಫ್ ಸೆಲ್ (ಕಂಬಿಯ ವೋಲ್ಟೇಜ್ ಅಳೆದು ತುಕ್ಕು ಊಹಿಸೋದು) ರೀಡಿಂಗ್ ತಗೊಂಡು ಅದನ್ನೇ ಥೀಸಿಸ್ ಮಾಡಬಹುದಲ್ವಾ? ಮೈನಸ್ 350ಕ್ಕಿಂತ ಕೆಳಗೆ ಅಂದ್ರೆ ತುಕ್ಕು ಅಂತ ಬರ್ದೇ ಇದೆ.

ಠಾಣೆ ಕ್ರೀಕ್
ಅಷ್ಟು ಸಲೀಸಲ್ಲ. ಮೈನಸ್ 350 ಮಿಲಿವೋಲ್ಟ್ ತಾಮ್ರ–ಮೈಲುತುತ್ತದ ಎಲೆಕ್ಟ್ರೋಡ್‌ಗೆ ಹೇಳಿದ್ದು, 90 ಶೇಕಡಕ್ಕಿಂತ ಹೆಚ್ಚು ಸಂಭವ ಅಂತ. ಮೈನಸ್ 200ರಿಂದ 350ರ ನಡುವೆ ಏನೂ ಹೇಳೋಕಾಗಲ್ಲ. ಕೈಯಲ್ಲಿ ಇರೋದು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಆದರೆ ಸುಮಾರು 120 ಮಿಲಿವೋಲ್ಟ್ ವ್ಯತ್ಯಾಸ, ಅಂದರೆ ಅದರ ಮಿತಿ ಮೈನಸ್ 230ರ ಹತ್ತಿರ. ಇದನ್ನು ಬದಲಿಸದೆ ನಕ್ಷೆ ಬಿಡಿಸಿದರೆ ತುಕ್ಕಿನ ಕಾಲಮ್ ಕ್ಷೇಮ ಅಂತ ಬರುತ್ತೆ.

ಆಮೇಲೆ ಪ್ಲಾಸ್ಟರ್ ಮೇಲೆ ಇಟ್ಟು ಓದೋ ಹಾಗಿಲ್ಲ, ತೆಗೆಯಬೇಕು. ಕಂಬಿ ಬಯಲು ಮಾಡಿ ತಂತಿ ಕಟ್ಟಬೇಕು, ಬೇರೆ ಕಂಬಿಗಳಿಗೆ ಸಂಪರ್ಕ ಇದೆಯಾ ನೋಡಬೇಕು. ಮುಂಬೈನಲ್ಲಿ ಮೇ ತಿಂಗಳ ರೀಡಿಂಗೇ ಬೇರೆ, ಜುಲೈದೇ ಬೇರೆ. ಪೂರ್ತಿ ನೆನೆದ ಕಾಂಕ್ರೀಟ್‌ನಲ್ಲಿ ಆಮ್ಲಜನಕ ಇಲ್ಲದೆ ತುಕ್ಕಿಲ್ಲದಿದ್ದರೂ ಸಂಖ್ಯೆ ಬಹಳ ಕೆಳಗೆ ಹೋಗುತ್ತೆ. ಜೊತೆಗೆ ಕಾರ್ಬೊನೇಷನ್ (ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಕಾಂಕ್ರೀಟಿನ ಕ್ಷಾರ ಇಳಿಯೋದು) ನೋಡಿ: ಒಡೆದ ಹೊಸ ಮುಖಕ್ಕೆ ಫಿನಾಫ್ತಲೀನ್ ಸಿಂಪಡಿಸಿ, ಗುಲಾಬಿ ಬಾರದ ಆಳ ಅಳೆಯಿರಿ. ಡ್ರಿಲ್ ಮಾಡಿದ ತೂತಿಗೆ ಸಿಂಪಡಿಸಬೇಡಿ, ಒಳಗಿನ ಪುಡಿ ಅಂಟಿ ಎಲ್ಲವೂ ಗುಲಾಬಿ ಕಾಣುತ್ತೆ.

ಫೋಂಡಾ ಕಾರವಾರ
ಕ್ಲೋರೈಡ್ ಪುಡಿಯನ್ನೂ 10 ಮಿ.ಮೀ. 10 ಮಿ.ಮೀ. ಆಳಕ್ಕೆ ಬೇರೆ ಬೇರೆ ತೆಗೆಯಬೇಕು. ಫಿಕ್ ನಿಯಮದ (ಕ್ಲೋರೈಡ್ ಒಳಗಿಳಿಯುವ ಲೆಕ್ಕ) ಗೆರೆ ಕೂಡಿಸುವಾಗ ಮೇಲಿನ ಮೊದಲ ಪದರ ಬಿಟ್ಟುಬಿಡಿ, ಮಳೆ ತೊಳೆದು ಅಲ್ಲಿ ಕ್ಲೋರೈಡ್ ಕಮ್ಮಿ ಇರ್ತದೆ.

ಗೋವಾದಲ್ಲಿ ಇದು ಪುಸ್ತಕದ ಮಾತಲ್ಲ. 1970ರ ಸುಮಾರಿಗೆ ಆದ ಮಾಂಡವಿ ಸೇತುವೆ 1986ರ ಜುಲೈ 5ರಂದು ಬಿತ್ತು, ಪ್ರಿಸ್ಟ್ರೆಸ್ಸಿಂಗ್ ತಂತಿಗಳಿಗೆ (ಕಾಂಕ್ರೀಟನ್ನು ಒತ್ತಿ ಹಿಡಿಯೋಕೆ ಬಿಗಿದ ತಂತಿ) ತುಕ್ಕು. ಹದಿನಾರು ವರ್ಷ ಬಾಳಿದ ಸೇತುವೆ. ಆರ್‌ಸಿಸಿ ಆದರೆ ಮೊದಲು ಬಿರುಕು, ಕಂದು ಕಲೆ, ಕವರ್ (ಕಂಬಿ ಮೇಲಿನ ಕಾಂಕ್ರೀಟ್ ಪದರ) ಉದುರೋದು, ಎಲ್ಲ ಕಾಣ್ತದೆ. ಬಿಗಿದ ತಂತಿ ಹೇಳದೆ ಕೇಳದೆ ತುಂಡಾಗ್ತದೆ.

ಕುರ್ಲಾ ಕುಂದಾಪುರ
ಮತ್ತೆ ಐಎಸ್ 456ರಲ್ಲಿ ಕರಾವಳಿಗೆ 'ಸಿವಿಯರ್', 45 ಮಿ.ಮೀ. ಕವರ್, ಎಂ30 ದರ್ಜೆಯ ಕಾಂಕ್ರೀಟ್ ಅಂತ ಉಂಟಲ್ಲ. ಸಮುದ್ರದ ನೀರು ಹಾರುವಲ್ಲಿ 50, ಉಬ್ಬರ ಇಳಿತದ ಜಾಗದಲ್ಲಿ 75. ಇಷ್ಟು ಸ್ಪಷ್ಟ ಇದ್ರೂ ಸೈಟಿನಲ್ಲಿ 25ರ ಕವರ್ ಬ್ಲಾಕ್ ಹಾಕ್ತಾರೆ ಮಾರಾಯ್ರೆ, ಕರುಳು ಚುರುಕ್ ಅನ್ತದೆ.

ಪುಣೇಕರ ಧಾರವಾಡ
ಅದ ನೋಡ್ರಿ ಥೀಸಿಸ್‌ಗೆ ಪ್ರಶ್ನೆ! 12 ಬೀಮಿನೊಳಗ ಅರ್ಧಕ್ಕ 25 ಕವರ್, ಅರ್ಧಕ್ಕ 45 ಕೊಟ್ರ?

ಪವಯಿ ಸರೋವರ
200 ಆಳದ ಬೀಮ್‌ಗೆ 45 ಕವರ್ ಕೊಟ್ಟರೆ ಎಫೆಕ್ಟಿವ್ ಡೆಪ್ತ್ (ಮೇಲಿನ ಮೈಯಿಂದ ಕಂಬಿಯ ನಡುವಿನವರೆಗೆ) 161ರಿಂದ 141ಕ್ಕೆ ಇಳಿಯುತ್ತೆ, ಬಲವೇ ಬದಲಾಗುತ್ತೆ. ಒಂದು ಥೀಸಿಸ್‌ಗೆ ಬದಲಾಗೋ ಅಂಶ ಒಂದೇ ಇರಲಿ. ಗುಂಪಿಗೆ ಮೂರಿರೋದೇ ಕಮ್ಮಿ, ಅದನ್ನೂ ಒಡೆದರೆ ಏನೂ ಉಳಿಯಲ್ಲ.

ಪುಣೇಕರ ಧಾರವಾಡ
ಬರೋಬ್ಬರಿ. ಹಿಂದಕ್ಕ ತಗೊಂಡೆ.

ಮುಲುಂಡ್ ಮಂಡ್ಯ
ಸ್ವಲ್ಪ ಬೇರೆ ವಿಷಯ. ಇದರ ಮೇಲೆ ಪಿಎಚ್‌ಡಿ ಮಾಡೋರಿಗೆ ಈಗ ಎಷ್ಟು ಸಿಗ್ತದೆ? ಎಂ.ಟೆಕ್‌ಗೆ ಗೇಟ್ ಪರೀಕ್ಷೆ ಸ್ಕೋರ್ ಇದ್ದೋರಿಗೆ ತಿಂಗಳಿಗೆ 12,400 ರೂಪಾಯಿ ಅಷ್ಟೇನಾ?

ಘಾಟ್ಕೋಪರ್ ಪೂರ್ವ
ಹೌದು, 12,400. ಪಿಎಚ್‌ಡಿಗೆ ಜೆಆರ್‌ಎಫ್ (ಮೊದಲ ಹಂತದ ಫೆಲೋಶಿಪ್) 2023ರಿಂದ 37,000, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ (ಮುಂದಿನ ಹಂತ) 42,000, ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ.

ಫೋಂಡಾ ಕಾರವಾರ
ಪಿಎಚ್‌ಡಿ ಯೋಚನೆ ಇದ್ದರೆ ಈ ಕಡೆಯ ಇನ್ನೊಂದು ವಿಷಯ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು. 1967ರ ಡಿಸೆಂಬರ್ ಭೂಕಂಪದಲ್ಲಿ 103 ಮೀಟರ್ ಎತ್ತರದ ಆ ಅಣೆಕಟ್ಟಿಗೆ ಹಿಂಭಾಗದ ಇಳಿಜಾರು ಬದಲಾಗುವ ಮಟ್ಟದಲ್ಲೇ ಬಿರುಕು ಬಿತ್ತು. ಅಣೆಕಟ್ಟಿನೊಳಗೇ ಕಂಪನದ ದಾಖಲೆಯೂ ಸಿಕ್ಕಿತು. ಅದಕ್ಕೇ ಕಾಂಕ್ರೀಟ್ ಬಿರುಕಿನ ಮಾದರಿ ಕಟ್ಟುವವರು ಜಗತ್ತಿನಾದ್ಯಂತ ಕೊಯ್ನಾದ ಮೇಲೆ ಪರೀಕ್ಷೆ ಮಾಡ್ತಾರೆ.

ಪವಯಿ ಸರೋವರ
ಆ ಮಾದರಿ ಮಾಡೋರು ಮೆಶ್ (ಮಾದರಿಯನ್ನು ತುಂಡು ಮಾಡಿದ ಜಾಲ) ಸಣ್ಣದು ಮಾಡಿದ ಹಾಗೆಲ್ಲ ಉತ್ತರ ಬದಲಾಗ್ತಿದೆಯಾ ನೋಡಬೇಕು. ಕಾಂಕ್ರೀಟಿನ ಎಳೆತದ ಗುಣವನ್ನು ಸ್ಟ್ರೇನ್‌ನಲ್ಲಿ ಕೊಟ್ಟರೆ ಬದಲಾಗುತ್ತೆ, ಫ್ರಾಕ್ಚರ್ ಎನರ್ಜಿಯಲ್ಲಿ (ಬಿರುಕು ತೆರೆಯೋಕೆ ಬೇಕಾದ ಶಕ್ತಿ) ಕೊಡಬೇಕು. ನಿಮ್ಮ ಬೀಮ್‌ಗೂ ಜನವರಿಯಲ್ಲಿ ಓಪನ್‌ಸೀಸ್‌ನಲ್ಲಿ ಒಂದು ಸಣ್ಣ ಮಾದರಿ ಮಾಡಿ, ಉಚಿತ ಸಾಫ್ಟ್‌ವೇರ್. ಕಂಬಿಯ ಏರಿಯಾ ಇಳಿಸಿ ನೋಡಿ. ಬೀಮ್ ಅದಕ್ಕಿಂತ ಹೆಚ್ಚು ಬಲ ಕಳೆದುಕೊಂಡಿದ್ದರೆ ಉಳಿದದ್ದು ಹಿಡಿತ ಸಡಿಲವಾಗಿದ್ದು, ಇಲ್ಲವೇ ಒಂದೇ ಕಡೆ ಗುಂಡಿ ಬಿದ್ದು ಸವೆದದ್ದು.

ಚೆಂಬೂರು ವಿದ್ಯಾರ್ಥಿನಿ
ನಿರ್ಧಾರ ಆಯ್ತು, ಬೀಮ್‌ಗಳೇ. 200 ಮೈಕ್ರೋ ಆಂಪಿಯರ್, ಬೇರೆ ಬೇರೆ ತೊಟ್ಟಿ, 28, 52, 75ನೇ ದಿನ ಶುರು. ಕೊನೆಗೆ ಕಂಬಿ ಹೊರತೆಗೆದು ತುಕ್ಕು ಉಜ್ಜಿ ತೂಕ ಮಾಡಿ, ಮೀಟರಿಗೆ 0.888ರ ಜೊತೆ ಹೋಲಿಸ್ತೀನಿ. ಸರಿ ತಾನೇ?

ಠಾಣೆ ಕ್ರೀಕ್
0.888 ಜೊತೆ ಹೋಲಿಸಬೇಡಿ! ಕಂಬಿಯ ಭಾರತೀಯ ಮಾನಕ ಐಎಸ್ 1786 ಪ್ರಕಾರ 12 ಮಿ.ಮೀ. ಕಂಬಿಯ ತೂಕ 5 ಶೇಕಡ ಆಚೀಚೆ ಇರಬಹುದು. ನೀವು ಅಳೆಯೋಕೆ ಹೊರಟದ್ದೇ 5 ಶೇಕಡ. ಕಂಬಿ ಕತ್ತರಿಸಿದ ಕೂಡಲೇ ಒಂದೊಂದರದ್ದೂ ನಿಜವಾದ ಉದ್ದ ಅಳೆದು, ತೂಗಿ, ತುದಿಯಲ್ಲಿ ಪಂಚ್‌ನಿಂದ ನಂಬರ್ ಹೊಡೆಯಿರಿ. ಆ ತುದಿ ಎಪಾಕ್ಸಿ ಒಳಗಿರಲಿ, ಪೇಂಟಲ್ಲಿ ಬರೆದ ನಂಬರ್ ಉಳಿಯಲ್ಲ.

ಉಜ್ಜೋದೂ ಬರೀ ತಂತಿ ಬ್ರಷ್‌ನಿಂದ ಆಗಲ್ಲ. ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 3.5 ಗ್ರಾಂ ಹೆಕ್ಸಮೀನ್, ಒಟ್ಟು ಒಂದು ಲೀಟರ್ ಆಗುವಷ್ಟು ನೀರು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಹತ್ತು ನಿಮಿಷ ಅದ್ದಿ, ತೊಳೆದು, ಒಣಗಿಸಿ ತೂಗಿ. ತುಕ್ಕಿಲ್ಲದ ಒಂದು ತುಂಡನ್ನೂ ಜೊತೆಗೇ ಅದ್ದಿ. ಅದರ ಉದ್ದಕ್ಕೂ ಕಾಲಕ್ಕೂ ತಕ್ಕಂತೆ ಆಮ್ಲವೇ ತಿಂದ ಗ್ರಾಂ ಎಷ್ಟು ಅಂತ ನೋಡಿ, ಎಲ್ಲದರಿಂದ ಕಳೆಯಿರಿ.

ಪುಣೇಕರ ಧಾರವಾಡ
ಮೂಗು, ಕಣ್ಣು ಮುಚ್ಕೊಂಡು, ಬಯಲಾಗ ನಿಂತು ಮಾಡ್ರಿ ತಂಗಿ. ಮತ್ತ ಪೂರ್ತಿ ಕಂಬಿ ತೂಗಿ ಸುಮ್ಮನಾಗಬ್ಯಾಡ್ರಿ. ನಡು ಭಾಗ 100 ಮಿ.ಮೀ. ತುಂಡು ತುಂಡು ಕತ್ತರಿಸಿ ಒಂದೊಂದನ್ನೂ ತೂಗ್ರಿ. ಸರಾಸರಿ 10 ಅಂದ್ರೂ ಒಂದ್ ತುಂಡಿನಾಗ 18 ಹೋಗಿರ್ತದ, ಬೀಮ್ ಮುರಿಯೂದು ಅಲ್ಲೇ.

ಚೆಂಬೂರು ವಿದ್ಯಾರ್ಥಿನಿ
ಸರಿ ಅಣ್ಣ. ನಾಳೆನೇ ಕಂಬಿಯಂಗಡಿಗೆ ಹೋಗ್ತೀನಿ. 24 ಕಂಬಿ ಜೊತೆ ಎಳೆತದ ಟೆಸ್ಟ್‌ಗೆ ಅದೇ ಲಾಟ್‌ನ ಮೂರು ತುಂಡು, ಆಮ್ಲದ ಲೆಕ್ಕಕ್ಕೆ ಇನ್ನೆರಡು ತರ್ತೀನಿ.